ಮುಟ್ಟಬಾರದ ಕಂಬಳಿ

ನಾನು ಧೈರ್ಯವಂತನೇನಲ್ಲ. ಮನೆಯಲ್ಲಿ ಎರಡನೇ ಲೋಟ ಚಹಾ ಬೇಕಾದರೂ ಹೆಂಡತಿಯ ಮುಖ ನೋಡಿ ಕೇಳುವವನು. ಆದರೆ ‘ಮುಟ್ಟಬೇಡಿ’ ಎಂಬ ಬೋರ್ಡು ಕಂಡರೆ ಮಾತ್ರ ಮೈ ಉರಿಯುತ್ತದೆ. ಅಂಥದೊಂದು ಬೋರ್ಡನ್ನು ದುಂಡಗಿನ ಅಕ್ಷರದಲ್ಲಿ ಬರೆದ ಪಾಪಿಯೂ ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆಗ ನಾನು ಹಿರೇಹಡಗಲಿಯಲ್ಲಿ ಕಂಬಳಿ ನೇಕಾರರ ಸಂಘದ ಕಾರ್ಯದರ್ಶಿ. ಹಗರಿಬೊಮ್ಮನಹಳ್ಳಿಯಲ್ಲಿ ಮೂರು ದಿನದ ವಸ್ತುಪ್ರದರ್ಶನ. ನಮಗೂ ಒಂದು ಮಳಿಗೆ ಸಿಕ್ಕಿತ್ತು. ಅಡ್ಡಲಾಗಿ ಮೇಜು, ಮೇಜಿನ ಮುಂದೆ ಹಗ್ಗ, ಹಗ್ಗಕ್ಕೆ ಬೋರ್ಡು, ಎಲ್ಲವೂ ಪ್ರದರ್ಶನದ ಮೇಲ್ವಿಚಾರಕ ಸಾಹೇಬರ ಅಪ್ಪಣೆ. “ಈ ಸಲ ಮಾರಾಟ ಆಗದಿದ್ದರೆ ಮುಂದಿನ ವರ್ಷ ನಿಮಗೆ ಮಳಿಗೆ ಇಲ್ಲ” ಎಂದೂ ಹೇಳಿದರು. ನಾನು ತಲೆಯಾಡಿಸಿದೆ. ಮೂಲೆಯಲ್ಲಿ ಕೂತಿದ್ದ ನೇಕಾರ ಮೈಲಾರಪ್ಪ ಆಡಿಸಲಿಲ್ಲ. ವರ್ಷವಿಡೀ ಮಗ್ಗದ ಮುಂದೆ ಕೂತು ನೇಯ್ದ ಕಂಬಳಿಗಳು ಅವನವು.

ಎರಡು ದಿನ ಜನ ಬಂದರು, ದೂರ ನಿಂತು ನೋಡಿದರು, ಹೋದರು. ಕೈಮುಗಿಯುವುದೊಂದು ಬಾಕಿ. ಒಂದೇ ಒಂದು ಕಂಬಳಿ ಹೋಗಲಿಲ್ಲ. ಕುರಿ ಕಾಯುವ ಹಿರಿಯನೊಬ್ಬ ಬೋರ್ಡನ್ನು ಯಾರಿಂದಲೋ ಓದಿಸಿಕೊಂಡು ನನ್ನನ್ನೇ ಕೇಳಿದ: “ಅಲ್ರಿ, ಮುಟ್ಟಬಾರದ ಕಂಬಳಿ ಹೊದಿಯೋದು ಹೆಂಗ್ರಿ? ನೀರು ಹಾಕಿ ನೋಡದೇ ಯಾರಾರ ಕಂಬಳಿ ತಗೊಂತಾರೇನು?”

ಹೌದಲ್ಲ! ನಮ್ಮ ಕಡೆ ಕಂಬಳಿ ಕೊಳ್ಳುವವನು ಅದರ ಮೇಲೆ ಕೂರುತ್ತಾನೆ, ಹೊದ್ದು ನೋಡುತ್ತಾನೆ, ಕೊನೆಗೆ ನಾಲ್ಕು ಮೂಲೆ ಹಿಡಿಸಿ ಒಂದು ಚೆಂಬು ನೀರು ಸುರಿಯುತ್ತಾನೆ. ಸೋರದಿದ್ದರೆ ವ್ಯಾಪಾರ. ಹುಟ್ಟಿದಾಗಿನಿಂದ ಇದನ್ನು ಕಂಡ ನಾನು ಹಗ್ಗ ಕಟ್ಟಿಕೊಂಡು ಕೂತಿದ್ದೆ. ಥೂ, ನನ್ನ ಬುದ್ಧಿಗಿಷ್ಟು!

ಮೂರನೇ ದಿನ ಬೆಳಿಗ್ಗೆ ಹಗ್ಗ ಬಿಚ್ಚಿ ಎಸೆದೆ. ಮೇಜನ್ನು ಹೊರಗೆ ನೂಕಿದೆ. ಮಳಿಗೆಯ ನಾಲ್ಕು ಬಿದಿರು ಗಳಗಳಿಗೆ ಒಂದು ಕಂಬಳಿಯ ನಾಲ್ಕು ಮೂಲೆ ಕಟ್ಟಿ, ಒಂದು ಕೊಡ ನೀರು ಸುರಿದು, ಉಳಿದವನ್ನು ನೆಲಕ್ಕೆ ಹಾಸಿ, “ಬರ್ರಿ, ಕುಂದರ್ರಿ, ಮುಟ್ಟಿ ನೋಡ್ರಿ!” ಎಂದು ಕೂಗಿದೆ. ಜನ ಮುತ್ತಿದರು. ಸಾಹೇಬರೂ ಓಡಿ ಬಂದರು.

“ಏನ್ರೀ ಇದು, ಮಳಿಗೆಯೋ ದನ ನೀರು ಕುಡಿಯುವ ಬಾನಿಯೋ? ಯಾರನ್ನು ಕೇಳಿ ಹಗ್ಗ ಬಿಚ್ಚಿದಿರಿ?”

“ಯಾರನ್ನೂ ಕೇಳಿಲ್ರಿ. ಇನ್ನ ಕಟ್ಟೂದೂ ಇಲ್ರಿ” ಎಂದೆ. ನನ್ನ ದನಿಯ ಗುರುತು ನನಗೇ ಸಿಗಲಿಲ್ಲ. “ಒಂದು ಹನಿ ಸೋರಿದ್ರ ಈ ಕೆಲಸಾನ ಬಿಡ್ತೀನಿ!”

ಹಾಗೆಂದವನೇ ಆ ನೀರಿನ ಕೆಳಗೇ ಚಕ್ಕಳಮಕ್ಕಳ ಹಾಕಿ ಕೂತೆ. ಕೂತ ಮೇಲೆ ಭಯವಾಯಿತು, ಸುಳ್ಳೇಕೆ ಹೇಳಲಿ. ಮೈಲಾರಪ್ಪ ಬಂದು ಪಕ್ಕದಲ್ಲಿ ಕೂತು, “ಹೆದರಬ್ಯಾಡ್ರಿ, ನಾ ನೇದದ್ದು ಐತಿ” ಎಂದ. ಸೋರಲಿಲ್ಲ. ಸಂಜೆಗೆ ಉಳಿದದ್ದು ನಮ್ಮ ತಲೆಯ ಮೇಲಿನ ಆ ಒಂದೇ ಕಂಬಳಿ. ಸಾಹೇಬರು ಅದನ್ನು ಕೆಳಗಿನಿಂದ ಮುಟ್ಟಿ, ಒದ್ದೆಯಾಗದ ಕೈ ನೋಡಿಕೊಂಡು ಹೋದರು.

ಗೆದ್ದ ಗುರುತಿಗೆ ಬೋರ್ಡನ್ನು ಮನೆಗೆ ತಂದೆ. ಒಳ್ಳೆಯ ಹಲಗೆ, ಅಕ್ಷರವೂ ಚೆನ್ನಾಗಿತ್ತು. ಎಸೆಯಲು ಮನಸ್ಸಾಗದೆ ನನ್ನ ಹೊಸ ರೇಡಿಯೋದ ಮೇಲೆ ತೂಗುಹಾಕಿದೆ. ಬಂದವರಿಗೆಲ್ಲ ಹೆಂಡತಿ ತೋರಿಸುತ್ತಾಳೆ: “ಊರ ಮಂದಿಗೆಲ್ಲಾ ಮುಟ್ರಿ ಮುಟ್ರಿ ಅಂದು ಬಂದ ಶೂರರ ರೇಡಿಯೋ ನೋಡ್ರಿ ಇದು. ನಾನೂ ಮುಟ್ಟಂಗಿಲ್ಲ.”

ಅನ್ನಲಿ. ಬೋರ್ಡು ತೆಗೆಯುವವನಲ್ಲ ನಾನು.