ಇನ್ನೂರ ನಲವತ್ತರ ಮೇಜು

ನಮ್ಮ ಕಚೇರಿಯಲ್ಲಿ ಯಾರ ಮೇಜನ್ನು ಯಾವ ಬೆಲ್ಟಿನಿಂದ ಉಜ್ಜಬೇಕೆಂಬುದು ಆಯಾ ನೌಕರರ ದರ್ಜೆಯನ್ನು ಅವಲಂಬಿಸಿರುತ್ತದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ನಕ್ಕವರಿಗೆ ನೋಟೀಸು ಹೋಗಿದೆ.

ಮೇಜುಗಳೆಲ್ಲ ಹಳೆಯವಾಗಿ, ವಾರ್ನಿಷ್ ಚಕ್ಕೆ ಎದ್ದು, ಕೈಗೆ ಸಿಬಿರು ಚುಚ್ಚತೊಡಗಿದಾಗ ಕಚೇರಿಯು ಉಪ್ಪುಕಾಗದದ ಬೆಲ್ಟು ಸುತ್ತಿಸಿ ಮರ ಉಜ್ಜುವ, ಕೈಯಲ್ಲಿ ಹಿಡಿಯುವ ಬೆಲ್ಟ್ ಸ್ಯಾಂಡರ್ ಯಂತ್ರ ಒಂದನ್ನು ಖರೀದಿಸಿತು. ಜೊತೆಗೆ ಮೂರು ಬಗೆಯ ಬೆಲ್ಟು ಬಂದವು: ನಲವತ್ತು, ಎಂಬತ್ತು, ಇನ್ನೂರ ನಲವತ್ತು. ಬಡಗಿಯನ್ನು ನಿರ್ದೇಶಕರ ಕೋಣೆಗೆ ಕರೆಸಲಾಯಿತು. ಮುಖ್ಯ ಗುಮಾಸ್ತನಾದ ನಾನೂ ಹಾಜರಿದ್ದೆ.

“ನಂಬರು ಸಣ್ಣದಾದಷ್ಟೂ ಒರಟು ಸಾರ್,” ಎಂದ ಬಡಗಿ. “ಮೊದಲು ನಲವತ್ತು ಹಾಕಿ ಹಳೇದೆಲ್ಲ ಕೆರೀಬೇಕು. ಆಮೇಲೆ ಎಂಬತ್ತು. ಇನ್ನೂರ ನಲವತ್ತು ಕೊನೇಲಿ, ನುಣುಪಿಗೆ.”

“ಜವಾನನ ಮೇಜಿಗೆ?” ಎಂದರು ನಿರ್ದೇಶಕರು.

“ಅದಕ್ಕೂ ಹಾಗೇ ಸಾರ್.”

ನಿರ್ದೇಶಕರ ಮುಖ ಸಣ್ಣದಾಯಿತು. “ಅಂದ್ರೆ ನಾನು ನಲವತ್ತರಿಂದ ಶುರು ಮಾಡ್ಬೇಕು, ಅವನು ಇನ್ನೂರ ನಲವತ್ತಕ್ಕೆ ಬಂದು ಕೂತ್ಕೋಬೇಕು. ಅಲ್ವೇನಪ್ಪಾ?”

ಬಡಗಿ ಬೆಲ್ಟುಗಳನ್ನು ಎತ್ತಿಟ್ಟುಕೊಳ್ಳತೊಡಗಿದ. ಎಲ್ಲ ಮೇಜಿಗೂ ಮೂರೂ ಬೆಲ್ಟು ಬೇಕೆಂಬ ಉತ್ತರ ನನಗೆ ಹೊಳೆಯಿತು. ಆದರೆ ನನ್ನ ಬಡ್ತಿಯ ಕಡತ ಅವರ ಮುಂದೆಯೇ ಇತ್ತು. ಗುಮಾಸ್ತಗಿರಿ ಸಾಕಾಗಿ ಹೋಗಿತ್ತು ನನಗೆ, ಹೆಂಡತಿಯಂತೂ ತನ್ನ ಅತ್ತಿಗೆಯ ಜೊತೆ ಆಗಲೇ ಅಧಿಕಾರಿಯ ಹೆಂಡತಿಯಂತೆ ಮಾತಾಡತೊಡಗಿದ್ದಳು. ಬಾಯಿಗೆ ಬೀಗ ಹಾಕಿಕೊಂಡೆ.

ಸಂಜೆ ಸುತ್ತೋಲೆ ಹೊರಟಿತು. ಅಧಿಕಾರಿಗಳ ಮೇಜಿಗೆ ಇನ್ನೂರ ನಲವತ್ತು, ಗುಮಾಸ್ತರಿಗೆ ಎಂಬತ್ತು, ಜವಾನರಿಗೆ ನಲವತ್ತು. ಒಂದು ದರ್ಜೆಯ ಬೆಲ್ಟು ಇನ್ನೊಂದು ದರ್ಜೆಯ ಮೇಜನ್ನು ಮುಟ್ಟತಕ್ಕದ್ದಲ್ಲ. ಬೆಲ್ಟನ್ನು ಅಧಿಕಾರಿಯ ಸಮಕ್ಷಮದಲ್ಲೇ ತೊಡಿಸತಕ್ಕದ್ದು. ಅದರ ಒಳಬದಿಯಲ್ಲಿ ಓಡುವ ದಿಕ್ಕು ತೋರಿಸುವ ಬಾಣದ ಗುರುತು ಸದರಿ ಅಧಿಕಾರಿಗೆ ಗುರಿಯಿಟ್ಟಂತೆ ಇರತಕ್ಕದ್ದಲ್ಲ.

ಮರುದಿನ ಬಡಗಿ ಯಂತ್ರದ ಮಗ್ಗುಲಿನ ಹಿಡಿ ಎಳೆದು, ಎರಡು ಉರುಳೆಗಳ ಮೇಲೆ ಬೆಲ್ಟು ತೂರಿಸಿ, ಹಿಡಿ ಒತ್ತಿದ. ಬೆಲ್ಟಿನ ಬಾಣವೂ ಯಂತ್ರದ ಬಾಣವೂ ಒಂದೇ ಕಡೆ ನೋಡಬೇಕಂತೆ. ನೋಡಿದವು, ನೇರ ನಿರ್ದೇಶಕರ ಹೊಟ್ಟೆಯನ್ನು. ತಕ್ಷಣ ಬೆಲ್ಟನ್ನು ತಿರುಗಿಸಿ ಹಾಕಿಸಿದೆವು. ಯಂತ್ರ ಚಾಲೂ ಆಗುತ್ತಲೇ ಜೋಡಿಸಿದ ಕಡೆ ಅಂಟು ಬಿಟ್ಟು ಬೆಲ್ಟು ಪಟ್ಟನೆ ಹರಿಯಿತು. ಕಡತದಲ್ಲಿ ಇದನ್ನು ಬೆಲ್ಟಿನ ಅವಿಧೇಯತೆ ಎಂದು ನಮೂದಿಸಲಾಗಿದೆ. ಕೊನೆಗೆ ನಿರ್ದೇಶಕರೇ ಬಾಣದ ದಾರಿ ಬಿಟ್ಟು ಎದ್ದು ಪಕ್ಕದ ಗೋಡೆಗೆ ಕುರ್ಚಿ ಹಾಕಿಸಿಕೊಂಡು ಕೂತರು.

ಬಡಗಿ ಹೊಸ ಬೆಲ್ಟನ್ನು ಸರಿಯಾಗಿ ತೊಡಿಸಿ, ಅದು ಅತ್ತಿತ್ತ ಜಾರದೆ ನಡುವೆ ಓಡುವ ಹಾಗೆ ತಿರುಪು ತಿರುವಿ, ಮೇಜಿನ ಮೇಲೆ ಓಡಾಡಿಸಿದ. ಹಳೆಯ ವಾರ್ನಿಷಿನ ಪುಡಿ ಬೆಲ್ಟಿಗೇ ಮೆತ್ತಿಕೊಂಡು ಬೆಲ್ಟು ನುಣ್ಣಗಾಯಿತು. ಮೇಜು ಸಿಬಿರಿನ ಸಮೇತ ಇದ್ದ ಹಾಗೇ ಇತ್ತು.

“ಮೇಜಿಗೆ ಒಂದೇ ಬೆಲ್ಟು ಅಂದ್ರೆ ನನಗೂ ಕೆಲಸ ಕಮ್ಮಿ,” ಎಂದು ಬಡಗಿ ಖುಷಿಯಾಗಿ ಹೋದ.

ಗುಮಾಸ್ತರ ಮೇಜುಗಳು ಕೈ ಸವರಿದರೆ ಹಾಯೆನಿಸುವಂತಾದವು. ಗೀರು ಉಳಿದಿದ್ದರೂ ಸಿಬಿರು ಹೋಗಿದ್ದರಿಂದ ಜವಾನ ಮಧ್ಯಾಹ್ನ ತನ್ನ ಮೇಜಿಗೆ ಕೆನ್ನೆ ಕೊಟ್ಟು ನಿದ್ದೆ ಮಾಡುತ್ತಿದ್ದ. ಅಧಿಕಾರಿಗಳ ಬೆರಳುಗಳಿಗೆ ಮಾತ್ರ ಬ್ಯಾಂಡೇಜು ಏರಿತು. ಜನ ಬುದ್ಧಿವಂತರು, ಬಾಗಿಲಲ್ಲಿ ನಿಂತು ಮೊದಲು ಬೆರಳು ನೋಡಿ, ಆಮೇಲೆ ನಮಸ್ಕಾರ ಮಾಡುವುದನ್ನು ಕಲಿತರು.

ನನ್ನ ಬಡ್ತಿಯ ಸಂದರ್ಶನ ಬಂತು. ನಿರ್ದೇಶಕರು ಪ್ರಶ್ನೆ ಕೇಳಲಿಲ್ಲ. “ಕೈ ತೋರಿಸಿ,” ಅಂದರು. ತೋರಿಸಿದೆ.

“ಒಂದು ಸಿಬಿರೂ ಇಲ್ಲ. ಅಧಿಕಾರಿಯ ಲಕ್ಷಣ ಬೇಡವೇನ್ರೀ?”

“ನಂದು ಎಂಬತ್ತರ ಮೇಜು ಸಾರ್.”

“ಮನಸ್ಸಿದ್ದರೆ ಮಾರ್ಗ.” ಅವರು ಕಡತ ಮುಚ್ಚತೊಡಗಿದರು.

ಹೆಂಡತಿಯ ಅತ್ತಿಗೆಯ ಮುಖ ಕಣ್ಣ ಮುಂದೆ ಬಂತು. ಎದ್ದು, ಎರಡೂ ಅಂಗೈಗಳನ್ನು ಅವರ ಮೇಜಿನ ಈ ತುದಿಯಿಂದ ಆ ತುದಿಗೆ ಎಳೆದೆ. ಕಣ್ಣಲ್ಲಿ ನೀರು ಬಂತು. ನಿರ್ದೇಶಕರ ಕಣ್ಣೂ ತುಂಬಿತು.

“ಈಗ ನೀವು ನಮ್ಮವರು,” ಎಂದು ಸಹಿ ಹಾಕಿದರು.

ಸಂಜೆ ಹೆಂಡತಿ ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಪಿನ್ನು ಹಿಡಿದು ಒಂದೊಂದೇ ಸಿಬಿರು ತೆಗೆಯತೊಡಗಿದಳು.

“ಒಂದನ್ನ ಬಿಟ್ಟಿರು ಕಣೇ,” ಅಂದೆ. “ನಾಳೆ ಅಧಿಕಾರಿಗಳ ಸಭೆ.”

“ಯಾವ ಕೈಯದ್ದು ಬಿಡ್ಲಿ?”

“ಬಲಗೈಯದ್ದು. ಎಲ್ಲರೂ ಕೈ ಕುಲುಕ್ತಾರಲ್ಲ.”

ಅವಳು ನನ್ನ ಬಲಗೈ ತಿರುಗಿಸಿ ತಿರುಗಿಸಿ ನೋಡಿ, ಇದ್ದುದರಲ್ಲಿ ದೊಡ್ಡದನ್ನೇ ಆರಿಸಿ ಬಿಟ್ಟಳು.