ಎಂಟು ಹೆಜ್ಜೆ

“ಅಣ್ಣಾ, ನೀನಿಡೋ ಕೋನ್‌ಗೂ ನಿನಗೂ ಒಂದೇ ವ್ಯತ್ಯಾಸ. ಗಾಳಿ ಬಂದ್ರೆ ಅದಾದ್ರೂ ಮುಂದಕ್ಕೆ ಹೋಗುತ್ತೆ!”

ಚಹಾ ಕುಡಿಯುತ್ತಿದ್ದ ಮೆಕ್ಯಾನಿಕ್‌ಗಳೆಲ್ಲ ಗೊಳ್ಳೆಂದರು. ಒಬ್ಬನ ಮೂಗಿನಿಂದಲೇ ಚಹಾ ಬಂತು. ಬೇರೆ ಯಾರಾದರೂ ಅಂದಿದ್ದರೆ ಅಣ್ಣ ನುಂಗಿಕೊಳ್ಳುತ್ತಿದ್ದ. ಅಂದವನು ಒಡಹುಟ್ಟಿದ ತಮ್ಮ! ಯಾರ್ಯಾರದೋ ಕೈಕಾಲು ಹಿಡಿದು ಅವನನ್ನು ಈ ಕೆಲಸಕ್ಕೆ ಸೇರಿಸಿದ್ದೇ ಅಣ್ಣ.

ವಿಮಾನ ಇಳಿಯುವುದು ನಿಂತುಹೋದ ಆ ನಿಲ್ದಾಣದಲ್ಲಿ ಈಗ ಹೊಸ ಕಾರುಗಳ ಪರೀಕ್ಷೆ ನಡೆಯುತ್ತಿತ್ತು. ರನ್‌ವೇ ಮೇಲೆ ನೂರರ ವೇಗದಲ್ಲಿ ಬಂದು, ಅಡ್ಡ ನಿಂತ ರಬ್ಬರ್ ಗೊಂಬೆಗೆ ತಾಗದಂತೆ ಗಕ್ಕನೆ ನಿಲ್ಲಿಸುವ ಡ್ರೈವರ್ ತಮ್ಮ. ಬ್ರೇಕ್ ಎಲ್ಲಿ ಒತ್ತಬೇಕೆಂದು ತೋರಿಸುವ ಕಿತ್ತಳೆ ಬಣ್ಣದ ಕೋನ್ ಇಡುವವನು ಅಣ್ಣ. ಆರು ವರ್ಷದಿಂದ ಅದೇ. ಅಮ್ಮ ಕೂಡ ತಮ್ಮನನ್ನು “ನಮ್ಮ ಡ್ರೈವರ್ರು” ಅಂತಾಳೆ. ಇವನಿಗೆ, “ಏಯ್, ಬಾಗಿಲು ಹಾಕು.”

ಇವತ್ತು ಇಂಜಿನಿಯರ್ ಮೇಡಂ, ಬಟ್ಟೆ ಮುಚ್ಚಿಟ್ಟಿದ್ದ ಹೊಸ ಕಾರಿನ ಡ್ರೈವರ್ ಸೀಟಿಗೆ ಒಬ್ಬರನ್ನು ಆರಿಸಬೇಕಿತ್ತು. ಅಣ್ಣನ ಜೇಬಿನಲ್ಲೂ ಲೈಸೆನ್ಸ್ ಇತ್ತು. ಹೊಟ್ಟೆಯಲ್ಲಿ ಬೆಂಕಿ ಇತ್ತು. ಯಾರೂ ನೋಡದಾಗ ಕೋನನ್ನು ಗೊಂಬೆಯ ಕಡೆ ಎಂಟು ಹೆಜ್ಜೆ ಸರಿಸಿಬಿಟ್ಟ.

ತಮ್ಮ ಬಂದ, ಕೋನ್ ಕಂಡ, ಬ್ರೇಕ್ ಒತ್ತಿದ. ಡಬ್! ಗೊಂಬೆ ಮಕಾಡೆ ಬಿತ್ತು. ಅದರ ತಲೆ ಉರುಳುತ್ತಾ ಬಂದು ಮೇಡಂ ಚಪ್ಪಲಿ ಹತ್ತಿರ ನಿಂತಿತು.

“ಕೋನ್ ಹತ್ರಾನೇ ಒತ್ತಿದೆ ಮೇಡಂ! ಅಮ್ಮನಾಣೆ!” ತಮ್ಮ ಅಳುವುದೊಂದು ಬಾಕಿ.

“ಪಾಪ, ಗೊಂಬೆ!” ಅನ್ನುತ್ತಾ ಅಣ್ಣ ಓಡಿದ. ಎಲ್ಲರ ಕಣ್ಣು ಉರುಳಿದ ತಲೆಯ ಮೇಲಿದ್ದಾಗ ಕೋನನ್ನು ಕಾಲಲ್ಲೇ ತಳ್ಳಿ ಹಳೇ ಗುರುತಿಗೆ ಸೇರಿಸಿದ. ಮೇಡಂ ಟೇಪ್ ಹಿಡಿದು ಅಳೆದರು. ಕೋನ್ ಸರಿಯಾಗೇ ಇತ್ತು.

“ನಮ್ಮ ಅತ್ಯುತ್ತಮ ಡ್ರೈವರ್ ಕಾಲೇ ಹೀಗೆ ತಡ ಮಾಡಿದ್ರೆ ಮನುಷ್ಯರನ್ನ ನಂಬೋದು ಹೇಗೆ?” ಮೇಡಂ ನಿಟ್ಟುಸಿರಿಟ್ಟು ಅಣ್ಣನ ಕಡೆ ತಿರುಗಿದರು. “ಹೊಸ ಕಾರಿನ ಸೀಟು ನಿಮಗೇ. ಹತ್ತಿ.”

ಅಣ್ಣನ ಎದೆ ಪೂರಿ ಹಾಗೆ ಉಬ್ಬಿತು. ಮೆಕ್ಯಾನಿಕ್‌ಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ ಹತ್ತಿ ಕೂತು, ಬೆಲ್ಟ್ ಹಾಕಿಕೊಂಡು ಸ್ಟೀರಿಂಗ್ ಹಿಡಿದ.

“ಕೈ ತೆಗೀರಿ,” ಅಂದರು ಮೇಡಂ. “ಇದು ತಾನೇ ಓಡುತ್ತೆ, ತಾನೇ ನಿಲ್ಲುತ್ತೆ. ಡ್ರೈವರ್‌ಗಳಾದ್ರೆ ಕೈಕಾಲು ಸುಮ್ಮನಿರಲ್ಲ, ಏನಾದ್ರೂ ಒತ್ತಿಬಿಡ್ತಾರೆ. ನೀವು ಆರು ವರ್ಷದಿಂದ ನಿಲ್ಲಿಸಿದ ಕಡೆ ನಿಂತೋರು. ಇಲ್ಲೀತನಕ ಈ ಸೀಟಲ್ಲಿ ಮರಳಿನ ಚೀಲ ಇಡ್ತಿದ್ವಿ. ಮನುಷ್ಯನೇ ಇರಬೇಕು ಅಂತ ಈಗ ಮೇಲಿನೋರ ಆರ್ಡರ್ ಬಂದಿದೆ.”

“ಮತ್ತೆ... ತಮ್ಮ?”

“ಅವರಿಗೆ ಬಡ್ತಿ. ಡ್ರೈವರ್‌ಗಳು ಎಲ್ಲಿ ತಪ್ತಾರೆ ಅಂತ ಈ ಕಾರಿಗೆ ಕಲಿಸೋಕೆ ಅವರೇ ಬೇಕು. ಇನ್ಮೇಲೆ ಮೇಲೆ ಟವರ್‌ನಲ್ಲಿ, ಎಸಿ ರೂಮಲ್ಲಿ ಕೂರ್ತಾರೆ. ಆಗಲೇ ಹತ್ತಿ ಹೋದ್ರು.”

ಅಷ್ಟರಲ್ಲಿ ಟವರ್‌ನ ಮೈಕು ಗೊರಗುಟ್ಟಿತು. ತಮ್ಮನ ದನಿ ಇಡೀ ರನ್‌ವೇಗೆ ಕೇಳಿಸಿತು.

“ಅಣ್ಣಾ! ಇಲ್ಲಿ ಬರ್ಕೋಬೇಕಂತೆ. ನಿನ್ನ ತೂಕ ಎಷ್ಟು? ಚೀಲ ಅರವತ್ತು ಕೆಜಿ ಇತ್ತು. ಕಮ್ಮಿ ಬಿದ್ರೆ ಮಡಿಲಲ್ಲಿ ಸ್ವಲ್ಪ ಮರಳು ಹಾಕಿಸ್ಲಾ?”

ಅಣ್ಣ ಬೆಲ್ಟ್ ಬಿಚ್ಚಿದ. ಬಾಗಿಲು ತೆಗೆದು ಇಳಿದ. ಯಾರ ಮುಖವನ್ನೂ ನೋಡದೆ, ಖಾಲಿ ರನ್‌ವೇ ಉದ್ದಕ್ಕೂ ಗೇಟಿನ ಕಡೆ ನಡೆಯುತ್ತಾ ಹೋದ.