ವಿಜ್ಞಾನದ ಬೀರು ಕಾಯುವ ಬೀಗದವರಿಗೆ

ಮಾನ್ಯ ಬೀಗದವರೇ,

ನಮ್ಮೂರ ಕಿರಿಯ ಪ್ರಾಥಮಿಕ ಶಾಲೆಯ ವಿಜ್ಞಾನದ ಬೀರುವನ್ನು ಹಗಲಿರುಳು ಕಾಯುತ್ತಿರುವ ತಮಗೆ, ಐದನೇ ಕ್ಲಾಸಿನ ದೀಕ್ಷಾಳ ತಾಯಿ, ಮೀನು ಮಾರುವ ಜಲಜ ಮಾಡುವ ನಮಸ್ಕಾರಗಳು. ನಾನು ನಾಲ್ಕನೆಯದರ ಅರ್ಧಕ್ಕೇ ಶಾಲೆ ಬಿಟ್ಟವಳು. ಬರೆದದ್ದರಲ್ಲಿ ತಪ್ಪಿದ್ದರೂ ತಾವು ಬಾಯಿ ಬಿಡುವವರಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಮಕ್ಕಳು ಮಾಡಿ ನೋಡಿ ಕಲಿಯಲಿ ಎಂದು ಭೂತಗನ್ನಡಿ, ಅಯಸ್ಕಾಂತ, ಸಣ್ಣ ಬಲ್ಬು, ತಕ್ಕಡಿ ಎಲ್ಲ ಶಾಲೆಗೆ ಬಂದಾಗ ನನಗೆ ದಿಗಿಲು ಹತ್ತಿತು. ಗಾಜು ಒಡೆದು ಕೈ ಕೊಯ್ದರೆ, ಯಾರಾದರೂ ಸೆಲ್ಲು ನುಂಗಿದರೆ, ನುಂಗಿದವಳು ನನ್ನ ಮಗಳೇ ಆಗಿದ್ದರೆ ಎಂದೆಲ್ಲ ಹೆದರಿ ಕೂತಿದ್ದಾಗ ತಾವು ಆಗಮಿಸಿದಿರಿ. ಅಂದಿನಿಂದ ಒಂದು ಮಗುವಿಗೂ ಗಾಯವಾಗಿಲ್ಲ, ವಿಜ್ಞಾನವೂ ತಗಲಿಲ್ಲ.

ಗೋವರ್ಧನ ಮಾಷ್ಟ್ರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬೀರುವಿನ ಗಾಜಿನ ಈಚೆಯಿಂದಲೇ "ಕಾಣಿ ಮಕ್ಳೇ, ಮುಟ್ಟುಕಾಗ" ಎಂದು, ಏನನ್ನೂ ಮುಟ್ಟಗೊಡದೆ ಪಾಠ ಮಾಡುತ್ತಾರೆ. ಕೇಳಿದ್ದಕ್ಕೆ "ಒಡ್ದ್ರೆ ಉತ್ರ ಕೊಡ್ಕಾದ್ದ್ ನಾನಲ್ದಾ ಜಲಜಾ?" ಎಂದರು. ಅವರ ಭಯ ಅವರಿಗೆ, ಒಪ್ಪುತ್ತೇನೆ. ಆದರೆ ಇದೇ ಮಾಷ್ಟ್ರು ನನ್ನ ಬುಟ್ಟಿಯ ಬಂಗುಡೆಯ ಕಿವಿರು ಎತ್ತಿ, ಹೊಟ್ಟೆ ಒತ್ತಿ, ಮೂಸಿ ನೋಡದೆ ಒಂದೂ ಕೊಂಡವರಲ್ಲ. "ಕಾಣಿ ಮಾಷ್ಟ್ರೇ, ಮುಟ್ಟುಕಾಗ" ಎನ್ನುವ ಧೈರ್ಯ ನನಗಂತೂ ಇಲ್ಲ.

ಕಳೆದ ಆಯುಧಪೂಜೆಗೆ ತಮಗೂ ಗಂಧ, ಕುಂಕುಮ, ಸೇವಂತಿಗೆ ಸಂದವು. ಮಕ್ಕಳು ಅಯಸ್ಕಾಂತಕ್ಕೆ ಕೈ ಮುಗಿದು ಪ್ರಸಾದ ತಿಂದರು. ಭಕ್ತಿ ಹೆಚ್ಚಾಗಿ ಯಾರೋ ಗಂಧವನ್ನು ತಮ್ಮ ಕೀ ಹಾಕುವ ಕಣ್ಣಿಗೇ ಮೆತ್ತಿದ್ದರಂತೆ. ಅದು ಒಣಗಿತು, ಕಡಲ ಉಪ್ಪುಗಾಳಿಗೆ ತುಕ್ಕೂ ಹಿಡಿಯಿತು, ಕೀ ತಿರುಗದಾಯಿತು. ತಪಾಸಣೆಗೆ ಬಂದ ಸಾಹೇಬರು ಹೊರಗಿನಿಂದಲೇ ಇಣುಕಿ, ಸಾಮಾನು ಹೊಸದರಂತೆಯೇ ಇದೆಯೆಂದು ಮೆಚ್ಚಿ ಹೋದರು. ತಮ್ಮನ್ನು ಒಡೆಯಲು ಮೇಲಿನಿಂದ ಅಪ್ಪಣೆ ಬರಬೇಕಂತೆ.

ನನ್ನ ಸಂಕಟ ಇಷ್ಟೇ. ಬೇಸಿಗೆ ರಜೆ ಬಂದರೆ ದೀಕ್ಷಾ ಈ ಶಾಲೆ ಬಿಡುತ್ತಾಳೆ. "ಅಮ್ಮ, ಅಯಸ್ಕಾಂತ ಮುಟ್ರೆ ಕೈಯೂ ಎಳಿತ್ತಾ?" ಎಂದು ದಿನವೂ ಕೇಳುತ್ತಿದ್ದವಳು ಈಗೀಗ ಕೇಳುವುದನ್ನೇ ಬಿಟ್ಟಿದ್ದಾಳೆ. ಸೆಲ್ಲು ನುಂಗುವ ಭಯಕ್ಕಿಂತ ಈ ಸುಮ್ಮನಿರುವಿಕೆಯ ಭಯವೇ ಈಗ ನನಗೆ ದೊಡ್ಡದಾಗಿದೆ. ಆದ್ದರಿಂದ ತಾವು ಒಂದು ಮಧ್ಯಾಹ್ನದ ಮಟ್ಟಿಗೆ ರಜೆ ಹಾಕಿ ಕೊಲ್ಲೂರಿಗೋ ಎಲ್ಲಿಗೋ ಹೋಗಿ ಬರಬೇಕು. ಆಗದಿದ್ದರೆ ಅಯಸ್ಕಾಂತದ ಸೆಳೆತವನ್ನಷ್ಟೇ ಗಾಜು ದಾಟಿಸಿ ಅವಳ ಬೆರಳ ತುದಿಗೆ ಮುಟ್ಟಿಸಬೇಕಾಗಿ ವಿನಂತಿ.

ಶಾಲೆಯ ಜಗುಲಿಯಲ್ಲೇ ಕಾದು ನಿಂತಿರುವ,
ತಮ್ಮ ವಿಶ್ವಾಸಿ
ಜಲಜ
ಬೈಂದೂರು ತಾಲೂಕಿನ ಕಡಲ ಬದಿಯವಳು

ಮತ್ತೆ ಬರೆದದ್ದು: ಉತ್ತರಕ್ಕೆ ಕಾಯಲು ನನ್ನಿಂದಾಗಲಿಲ್ಲ. ನನ್ನ ತಮ್ಮ ಕುಷ್ಟನ ರಿಕ್ಷಾದ ಹಾಳಾದ ಸ್ಪೀಕರಿನಿಂದ ಅಯಸ್ಕಾಂತ ಕಿತ್ತು ಮಗಳ ಕೈಗೆ ಕೊಟ್ಟೆ. ಅವಳು ನಿನ್ನೆ ಅದನ್ನು ನೇರ ತಂದು ತಮ್ಮ ಮೈಗೇ ಹಚ್ಚಿ, "ಅಮ್ಮ, ಕಾಣ್, ಬಿಡುದೇ ಇಲ್ಲ!" ಎಂದು ಕೂಗಿದಳು. ಮಕ್ಕಳೆಲ್ಲ ಸರದಿಯಲ್ಲಿ ಎಳೆದು ನೋಡಿದರು. ಈ ವಿಷಯ ತಮ್ಮಲ್ಲೇ ಇರಲಿ. ತಾವು ಕಲಿಕೆಗೆ ಉಪಯೋಗಕ್ಕೆ ಬರುತ್ತೀರೆಂದು ಮೇಲಿನವರಿಗೆ ಗೊತ್ತಾದರೆ, ತಮ್ಮನ್ನೂ ಬೀರುವಿನ ಒಳಗಿಟ್ಟು ಇನ್ನೊಂದು ಬೀಗ ಜಡಿದಾರು.